ತುಕ್ಕು ಬಿಡಿಸಿದರೆ ಸಾಲದು, ಗುರಿ ಕೂರಬೇಕು

ಅಪ್ಪನ ಕಾಲದ ಪಾಯಿಂಟ್ ಟೂಟೂ (.22) ರೈಫಲ್ಲು. ಹೊರಗೆ ಕಡಲಿನ ಉಪ್ಪು, ಒಳಗೆ ತೋಟೆಯ ಉಪ್ಪು, ಮೇಲಿಂದ ಕಾರ್ಕಳದ ಮಳೆ! ಆಯುಧಪೂಜೆಯ ದಿನ ಮಾತ್ರ ಗಂಧ ಹಚ್ಚಿಸಿಕೊಳ್ಳುವ ಕೋವಿಗೆ ಮತ್ತೆ ಜೀವ ಬರಬೇಕೆಂದರೆ ಎಣ್ಣೆ, ತಾಳ್ಮೆ, ತುಸು ಲೆಕ್ಕ, ಜೊತೆಗೆ ಲೈಸೆನ್ಸು ಬೇಕು.

ಮಹಾನವಮಿಗೆ ಇನ್ನೂ ಕೆಲವು ದಿನ ಇದೆ. ಕಾರ್ಕಳದಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ಅಂಚಿನ ಮನೆ. ಜಗಲಿಯಲ್ಲಿ ಹಳೆಯ ಪೇಪರು ಹಾಸಿದ್ದಾರೆ. ಅದರ ಮೇಲೆ ಸೀಮೆಎಣ್ಣೆಯ ಬಟ್ಟಲು, ಹರಿದ ಪಂಚೆಯ ತುಂಡುಗಳು, ಹೊಲಿಗೆ ಮೆಷಿನ್ ಎಣ್ಣೆಯ ಪುಟ್ಟ ಬಾಟಲಿ, ಹಳೆಯ ಹಲ್ಲುಜ್ಜುವ ಬ್ರಷ್ಷು. ನಡುವೆ ಬೋಲ್ಟ್ ಕಳಚಿಕೊಂಡು ಮಲಗಿದೆ ಕೋವಿ.

ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುವ ಮೊಮ್ಮಗ ಎಮರಿ ಪೇಪರ್ ಹಿಡಿದು ತಯಾರಾಗಿ ಕೂತಿದ್ದಾನೆ. ‘ಅಜ್ಜ, ಒಂದೇ ಗಂಟೆ. ಕನ್ನಡಿ ಹಾಗೆ ಮಾಡಿ ಕೊಡ್ತೇನೆ.’

‘ಅದನ್ನು ಕೆಳಗಿಡು ಮಾರಾಯ’ ಎಂದರು ನಿವೃತ್ತ ಮಾಸ್ತರರು. ‘ತುಕ್ಕು ಇಷ್ಟು ವರ್ಷ ತಿಂದದ್ದಕ್ಕಿಂತ ಹೆಚ್ಚು ನೀನು ಒಂದು ಗಂಟೆಯಲ್ಲಿ ತಿಂದು ಮುಗಿಸ್ತಿ.’

ಮಾಸ್ತರರ ಮಾತು ನೂರಕ್ಕೆ ನೂರು ಸರಿ. ಹಳೆಯ ಕೋವಿಗಳನ್ನು ತುಕ್ಕು ಕೆಡಿಸಿದ್ದಕ್ಕಿಂತ ಹೆಚ್ಚಾಗಿ ಉತ್ಸಾಹ ಕೆಡಿಸಿದೆ.

ಕೋವಿ ಎಂದಾಕ್ಷಣ ಕನ್ನಡದ ಓದುಗರ ಕಣ್ಣೆದುರು ಬರುವುದು ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್‌ನ ಬೇಟೆಯ ರೈಫಲ್ಲು, ಇಲ್ಲವೇ ಮಲೆನಾಡಿನ ಕೇಪಿನ ಕೋವಿ. ಜಗಲಿಯ ಮೇಲಿನದ್ದು ಆ ಎರಡೂ ಜಾತಿಗೆ ಸೇರಿದ್ದಲ್ಲ. ನಳಿಗೆಯ ತೂತಿಗೆ ಕಿರುಬೆರಳ ತುದಿಯೂ ಇಳಿಯುವುದಿಲ್ಲ; ಗುಂಡಿನ ಅಡ್ಡಳತೆ ಸುಮಾರು 5.6 ಮಿಲಿಮೀಟರ್, ತೂಕ ಎರಡೂವರೆ ಗ್ರಾಂ ಚಿಲ್ಲರೆ. ಎನ್‌ಸಿಸಿ ಮಾಡಿದವರಿಗೆ ಇದರ ಪರಿಚಯವಿದೆ. ಉಡುಪಿ, ಕಾರ್ಕಳದ ಕಾಲೇಜುಗಳ ಎಷ್ಟೋ ಹುಡುಗ ಹುಡುಗಿಯರು ಬದುಕಿನಲ್ಲಿ ಮೊದಲ ಮತ್ತು ಕೊನೆಯ ಈಡು ಹೊಡೆದದ್ದು ಇದೇ ಪಾಯಿಂಟ್ ಟೂಟೂನಲ್ಲಿ, ಕ್ಯಾಂಪಿನ ಬಯಲಲ್ಲಿ ಹೊಟ್ಟೆಯ ಮೇಲೆ ಮಲಗಿ.

ನಳಿಗೆಯ ಮೇಲೆ ಬಿಎಸ್‌ಎ ಮುದ್ರೆ: ಒಂದಕ್ಕೊಂದು ಆನಿಸಿ ನಿಲ್ಲಿಸಿದ ಮೂರು ಬಂದೂಕು. ಇದೇ ಹೆಸರಿನ ಸೈಕಲ್ ತುಳಿದವರು ಕರಾವಳಿಯಲ್ಲಿ ಸಾವಿರಾರು ಮಂದಿ. ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್ ಕಂಪನಿ 1861ರಲ್ಲಿ ಹುಟ್ಟಿದ್ದೇ ಬಂದೂಕು ಮಾಡಲಿಕ್ಕೆ. ಸೈಕಲ್ಲು, ಮೋಟಾರ್ ಸೈಕಲ್ಲು ಆಮೇಲಿನ ಸಂತಾನ.

ಇಂಥ ಸಣ್ಣ ಕೋವಿಗಳ ಹಿಂದೆ ಒಂದು ಯುದ್ಧದ ಕಥೆಯಿದೆ. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ (1899–1902) ಬೋಯರ್ ರೈತರ ಗುರಿಯ ಎದುರು ಬ್ರಿಟಿಷ್ ಸೈನಿಕರ ಗುರಿ ಸಪ್ಪೆಯಾಗಿ ಕಂಡಿತು. ಊರೂರಲ್ಲಿ ಜನರಿಗೆ ಗುರಿ ಕಲಿಸಬೇಕೆಂದು ಅಲ್ಲಿ ಬ್ರಿಟಿಷ್ ಸೇನೆ ನಡೆಸಿದ್ದ ಲಾರ್ಡ್ ರಾಬರ್ಟ್ಸ್ ಹಠ ಹಿಡಿದರು. ಅದಕ್ಕೆ ಅಗ್ಗದ ತೋಟೆಯ, ಭುಜಕ್ಕೆ ಒದೆಯದ, ಸದ್ದು ಕಡಿಮೆಯ ಕೋವಿ ಬೇಕಿತ್ತು. ಹಾಗೆ ಬಂದ ಸಣ್ಣ ರೈಫಲ್ಲುಗಳ ಹೊಳೆಯಲ್ಲಿ ಕೆಲವು ಹಡಗು ಹತ್ತಿ ಇಲ್ಲಿಗೂ ಬಂದವು. ತೋಟದ ದೊರೆಗಳ ಬಂಗಲೆಯಿಂದ ಪಟೇಲರ, ಗುತ್ತಿನವರ ಮನೆಗೆ ಇಳಿದವು.

ಅಂಚಿನ ಮಹಿಮೆ
*ಪಾಯಿಂಟ್ ಟೂಟೂನದ್ದು ರಿಮ್‌ಫೈರ್ ತೋಟೆ; ಅದಕ್ಕೆ ನಡುವೆ ಕೇಪು ಇಲ್ಲ. ಸಿಡಿಯುವ ರಾಸಾಯನಿಕವನ್ನು ತೋಟೆಯ ಬುಡದ ಮಡಚಿದ ಅಂಚಿನೊಳಗೇ ತುಂಬಿರುತ್ತಾರೆ. ಫೈರಿಂಗ್ ಪಿನ್ ಆ ಅಂಚನ್ನು ಜಜ್ಜಿದಾಗ ಈಡು ಹಾರುತ್ತದೆ. ಫ್ರಾನ್ಸಿನ ಫ್ಲೊಬೇರ್ 1845ರಲ್ಲಿ ಮನೆಯೊಳಗೆ ಗುರಿಯಾಟ ಆಡಲು ಮಾಡಿದ ಪುಟ್ಟ ತೋಟೆ ಇದರ ಮುತ್ತಜ್ಜ. ಅಮೆರಿಕದ ಸ್ಮಿತ್ ಆ್ಯಂಡ್ ವೆಸನ್ 1857ರಲ್ಲಿ ಪಾಯಿಂಟ್ 22 ಶಾರ್ಟ್ ತಂದಿತು. ಇಂದು ಜಗತ್ತೆಲ್ಲ ಬಳಸುವ ಪಾಯಿಂಟ್ 22 ಲಾಂಗ್ ರೈಫಲ್ ತೋಟೆ 1887ರದ್ದು, ಸ್ಟೀವನ್ಸ್ ಕಂಪನಿಯದು. ಜಜ್ಜಿದ ಅಂಚಿಗೆ ಮತ್ತೆ ರಾಸಾಯನಿಕ ತುಂಬುವುದು ಮನೆಯ ಕೆಲಸವಲ್ಲ. ಹೀಗಾಗಿ ಒಮ್ಮೆ ಹೊಡೆದ ತೋಟೆ ಗುಜರಿಗೆ.*

ಜಗಲಿಯ ಮೇಲಿನ ಈ ಕೋವಿ ಮೊದಲು ಇದ್ದದ್ದು ಕಾಪುವಿನಲ್ಲಿ, ಕಡಲಿನ ಮೊರೆತ ಕೇಳುವ ಮನೆಯಲ್ಲಿ. ಮಾಸ್ತರರ ತಂದೆ ಇದನ್ನು ಕೊಂಡಾಗ ಜಿಲ್ಲೆ ಇನ್ನೂ ಮದ್ರಾಸಿಗೆ ಸೇರಿತ್ತು. ಅಂದರೆ 1956ಕ್ಕೂ ಹಿಂದೆ. ಕಡಲ ಗಾಳಿಯ ಉಪ್ಪು ಹೊರಮೈಯನ್ನು ಹಿಡಿಯಿತು. ಒಳಗಿನ ಕಥೆ ಬೇರೆ, ಹೆಚ್ಚು ಕುತೂಹಲದ್ದು.

ಹಿಂದಿನ ಕಾಲದ ತೋಟೆಗಳ ಅಂಚಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದ ಮೇಲೆ ನಳಿಗೆಯ ಗೋಡೆಗೆ ಪೊಟ್ಯಾಸಿಯಂ ಕ್ಲೋರೈಡ್ ಅಂಟುತ್ತದೆ. ಅದೂ ಉಪ್ಪೇ, ಅಡುಗೆ ಉಪ್ಪಿನ ದಾಯಾದಿ. ಗಾಳಿಯ ನೀರನ್ನು ಎಳೆದುಕೊಂಡು ಉಕ್ಕನ್ನು ಕೊರೆಯುತ್ತದೆ. ತುಕ್ಕು ಹಿಡಿಸದ ತೋಟೆಗಳು ಜರ್ಮನಿ, ಅಮೆರಿಕಗಳ ಪೇಟೆಗೆ ಬಂದದ್ದು 1920ರ ದಶಕದಲ್ಲಿ. ಹಳೆಯ ದಾಸ್ತಾನು ಅದಾದ ಮೇಲೂ ಎಷ್ಟೋ ಕಾಲ ನಡೆಯಿತು. ಪಾಪ, ಆಗಿನವರು ನಳಿಗೆಗೆ ಎಣ್ಣೆ ಹಾಕುತ್ತಲೇ ಇದ್ದರು. ಆದರೆ ಎಣ್ಣೆಯಲ್ಲಿ ಉಪ್ಪು ಕರಗುವುದಿಲ್ಲ. ಅದಕ್ಕೆ ಬೇಕಿದ್ದದ್ದು ಕುದಿಯುವ ನೀರು. ಮೊದಲು ಬಿಸಿನೀರು ಹಾಯಿಸಿ, ಒಣಗಿಸಿ, ಆಮೇಲೆ ಎಣ್ಣೆ. ಈ ಕ್ರಮ ಗೊತ್ತಿದ್ದ ಮನೆಗಳ ನಳಿಗೆ ಇಂದಿಗೂ ಮಿನುಗುತ್ತದೆ.

ಮೊಮ್ಮಗ ಎಮರಿ ಪೇಪರ್ ಬಿಟ್ಟು ಫೋನಿಗೆ ಜೋಡಿಸುವ ಪುಟ್ಟ ಕ್ಯಾಮೆರಾ ತಂದ. ಕಾಂಪೌಂಡಿನ ಪೈಪು ಕಟ್ಟಿದಾಗ ಒಳಗೆ ಬಿಡುತ್ತಾರಲ್ಲ, ಅಂಥದು. ನಳಿಗೆಯೊಳಗಿನ ಸುರುಳಿ ಗೀರುಗಳು ಪರದೆಯ ಮೇಲೆ ಬಂದವು. ಸಾಮಾನ್ಯವಾಗಿ ಈ ಗೀರುಗಳು 16 ಇಂಚಿಗೆ ಒಂದು ಸುತ್ತು ತಿರುಗುತ್ತವೆ; ಗುಂಡು ಬುಗುರಿಯ ಹಾಗೆ ತಿರುಗುತ್ತ ನೆಟ್ಟಗೆ ಹೋಗುವುದು ಅದರಿಂದಲೇ. ನಡುನಡುವೆ ತುಕ್ಕು ಕೊರೆದ ಕುಳಿಗಳು, ಬೂದು ಬಣ್ಣದ ಸೀಸದ ಪಟ್ಟಿ.

ಕುಳಿ ಕಂಡು ಹುಡುಗನ ಮುಖ ಇಳಿಯಿತು. ಇಳಿಯಬೇಕಿಲ್ಲ. ನಡುವೆ ನಾಲ್ಕಾರು ಕುಳಿ ಇದ್ದೂ ಚೆನ್ನಾಗಿ ಹೊಡೆಯುವ ಪಾಯಿಂಟ್ ಟೂಟೂಗಳು ಬೇಕಾದಷ್ಟಿವೆ. ನಿಜವಾಗಿ ನೋಡಬೇಕಾದ್ದು ನಳಿಗೆಯ ತುದಿಯ ಬಾಯಿ. ಗುಂಡನ್ನು ಕೊನೆಗೆ ಮುಟ್ಟುವ ಜಾಗ ಅದು. ಅಲ್ಲಿ ಒಂದು ಬದಿ ಸವೆದರೂ ಹಿಂದಿನಿಂದ ನುಗ್ಗುವ ಅನಿಲ ಗುಂಡನ್ನು ಓರೆಗೆ ತಳ್ಳುತ್ತದೆ. ಸವೆಸಿದ್ದು ಸಾಮಾನ್ಯವಾಗಿ ಗುಂಡಲ್ಲ, ನಳಿಗೆ ಒರೆಸುವ ಗಜ. ತುದಿಯಿಂದ ಗಜ ತೂರಿಸಿ ವರ್ಷಗಟ್ಟಲೆ ಉಜ್ಜಿದವರ ಶ್ರದ್ಧೆಯೇ ಮುಳುವಾಗಿರುತ್ತದೆ. ಬೋಲ್ಟ್ ತೆಗೆದು ಹಿಂದಿನಿಂದ ಗಜ ಹಾಕುವುದು ಸರಿಯಾದ ಪದ್ಧತಿ.

ಇನ್ನು ಎಣ್ಣೆಯ ಜಗಳ. ಕರಾವಳಿಯಲ್ಲಿ ತಲೆಗೂ ದೋಸೆ ಕಾವಲಿಗೂ ಕೋವಿಗೂ ಒಂದೇ ಎಣ್ಣೆ! ತೆಂಗಿನೆಣ್ಣೆ ಡಿಸೆಂಬರಿನ ಬೆಳಗಿಗೆ ಗಟ್ಟಿಯಾಗುತ್ತದೆ, ಹಳತಾದರೆ ಕಮಟಿ ಹುಳಿಯಾಗುತ್ತದೆ. ಎಳ್ಳೆಣ್ಣೆ ಒಣಗಿ ಅಂಟಾಗುತ್ತದೆ. ಬೋಲ್ಟಿನೊಳಗೆ ಇಂಥ ಅಂಟು ಕೂತರೆ ಸ್ಪ್ರಿಂಗಿನ ಹೊಡೆತ ಮೆತ್ತಗಾಗಿ, ತೋಟೆಯ ಅಂಚಿಗೆ ಗೀರು ಬೀಳುತ್ತದೆಯೇ ಹೊರತು ಈಡು ಹಾರುವುದಿಲ್ಲ. ‘ಸ್ಪ್ರಿಂಗು ಸತ್ತಿದೆ’ ಎಂದು ತೀರ್ಪು ಕೊಟ್ಟ ಎಷ್ಟೋ ಕೋವಿಗಳಿಗೆ ಬೇಕಿದ್ದದ್ದು ಸೀಮೆಎಣ್ಣೆ ಸ್ನಾನ, ಆಮೇಲೆ ಹೊಲಿಗೆ ಮೆಷಿನ್ನಿನ ತೆಳು ಎಣ್ಣೆ ಎರಡು ಹನಿ.

ಇಲ್ಲೇ ಒಂದು ಎಚ್ಚರಿಕೆ. ರಿಪೇರಿಯಾಯಿತೇ ನೋಡೋಣವೆಂದು ಖಾಲಿ ಕೋವಿಯ ಟ್ರಿಗರನ್ನು ಟಪಟಪ ಎಳೆಯುವ ಚಟ ಎಲ್ಲರಿಗೂ ಇದೆ. ಹಳೆಯ ರಿಮ್‌ಫೈರ್‌ನಲ್ಲಿ ಹೀಗೆ ಮಾಡಿದರೆ ಜಜ್ಜಲು ತೋಟೆಯ ಅಂಚಿಲ್ಲದೆ ಪಿನ್ನು ನಳಿಗೆಯ ಅಂಚಿಗೇ ಬಡಿಯುತ್ತದೆ. ಅಲ್ಲಿ ತಗ್ಗು ಬಿದ್ದರೆ ತೋಟೆ ಸಿಕ್ಕಿಹಾಕಿಕೊಳ್ಳುತ್ತದೆ.

ಹೊರಗಿನ ತುಕ್ಕಿನ ಕಥೆ ಇನ್ನೂ ಸೊಗಸು. ಕೋವಿಯ ಮೈಯ ಕಪ್ಪು ನೀಲಿ ಹೊಳಪು ಬಣ್ಣವಲ್ಲ. ಅದೂ ಕಬ್ಬಿಣದ ಆಕ್ಸೈಡೇ, ಆದರೆ ಉಕ್ಕಿಗೆ ಅಂಟಿ ಕೂರುವ ಸಾಧು ಜಾತಿಯದು. ಕೆಂಪು ತುಕ್ಕು ಹಪ್ಪಳೆಯೆದ್ದು ನೀರು ಹಿಡಿದಿಡುವ ದುಷ್ಟ ಜಾತಿ. ಕೆಂಪನ್ನು ಕಪ್ಪಾಗಿಸಲು ನೀರಿನಲ್ಲಿ ಕುದಿಸಿದರೆ ಸಾಕು.

ಹಳೆಯ ಕಸಬುದಾರರು ಮಾಡುತ್ತಿದ್ದದ್ದು ಇದನ್ನೇ. ಉಕ್ಕಿಗೆ ದ್ರಾವಣ ಸವರಿ, ಬೇಕೆಂದೇ ತುಕ್ಕು ಹಿಡಿಸಿ, ಕುದಿಸಿ, ಉಕ್ಕಿನ ನಾರಿನಿಂದ ಸಡಿಲ ಪುಡಿ ತೆಗೆದು, ಮತ್ತೆ ಸವರಿ, ಮತ್ತೆ ಕುದಿಸಿ. ಐದಾರು ಸುತ್ತು ಆದ ಮೇಲೆ ಹೊಳಪು ಕೂರುತ್ತದೆ. ಇದಕ್ಕಾಗಿ ಒಣ ಊರಿನವರು ತೇವ ತುಂಬಿದ ಪೆಟ್ಟಿಗೆ ಕಟ್ಟಿಕೊಳ್ಳುತ್ತಾರೆ. ಜುಲೈ ತಿಂಗಳ ಉಡುಪಿಯಲ್ಲಿ ಆ ಖರ್ಚಿಲ್ಲ, ಜಗಲಿಯೇ ಪೆಟ್ಟಿಗೆ! ಕುದಿಸಲು ಲವಣವಿಲ್ಲದ ನೀರು ಬೇಕು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಜಿಲ್ಲೆಯಲ್ಲಿ ಅದಕ್ಕೂ ಬರವಿಲ್ಲ.

ಮಾಸ್ತರರ ಕೋವಿಗೆ ಅಷ್ಟೆಲ್ಲ ಬೇಕಾಗಲಿಲ್ಲ. ಎಣ್ಣೆಯಲ್ಲಿ ರಾತ್ರಿಯಿಡೀ ನೆನೆದ ತುಕ್ಕು, ಅತಿ ನಯದ ಉಕ್ಕಿನ ನಾರಿಗೆ ಮೆಲ್ಲಗೆ ಬಿಟ್ಟುಬಂತು. ಅಡಿಯಲ್ಲಿ ಹಳೆಯ ನೀಲಿ ಅಲ್ಲಲ್ಲಿ ಉಳಿದಿತ್ತು. ಉಳಿದದ್ದನ್ನು ಉಳಿಸಿದರು. ಎಮರಿ ಬಿದ್ದಿದ್ದರೆ ನೀಲಿಯ ಜೊತೆ ಸೀರಿಯಲ್ ನಂಬರೂ ಹೋಗುತ್ತಿತ್ತು. ಆ ನಂಬರು ಅಳಿಸಿದ ಕೋವಿ ಇಟ್ಟುಕೊಳ್ಳುವುದು ಶಸ್ತ್ರಾಸ್ತ್ರ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಅಪರಾಧ. ‘ಪಾಲಿಶ್ ಮಾಡಿದೆ ಸ್ವಾಮಿ’ ಎಂದರೆ ಠಾಣೆಯಲ್ಲಿ ಯಾರೂ ಒಪ್ಪುವುದಿಲ್ಲ.

ಮರದ ಹಿಡಿಗೂ ಇದೇ ನೀತಿ. ಗುದ್ದಿನಿಂದ ತಗ್ಗಾದಲ್ಲಿ ಒದ್ದೆ ಬಟ್ಟೆ ಇಟ್ಟು ಇಸ್ತ್ರಿಪೆಟ್ಟಿಗೆ ಒತ್ತಿದರೆ ಹಬೆಗೆ ಮರದ ನಾರು ಉಬ್ಬಿ ಮೇಲೆ ಬರುತ್ತದೆ. ಆಮೇಲೆ ಅಗಸೆ ಎಣ್ಣೆಯನ್ನು ತೆಳ್ಳಗೆ, ಅಂಗೈಯಿಂದ ತಿಕ್ಕಿ, ಒಣಗಲು ಬಿಟ್ಟು ಮತ್ತೆ ತಿಕ್ಕಬೇಕು. ಪೀಠೋಪಕರಣದ ಹೊಳೆಯುವ ವಾರ್ನಿಷ್ ಬಳಿದ ಕೋವಿ ಕಂಡರೆ ನನಗೆ ಮದುವೆ ಹಾಲಿನ ಕುರ್ಚಿಯೇ ನೆನಪಾಗುತ್ತದೆ.

ಕಾನೂನು ಏನು ಹೇಳುತ್ತದೆ?
*ಲೈಸೆನ್ಸುದಾರ ತನ್ನ ಕೋವಿಯನ್ನು ಒರೆಸಬಹುದು, ಎಣ್ಣೆ ಹಾಕಬಹುದು. ಆದರೆ ರಿಪೇರಿಯನ್ನು ಕಸುಬಾಗಿ ಮಾಡುವವನಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬೇರೆಯೇ ಲೈಸೆನ್ಸು ಬೇಕು. ಊರಿನ ವೆಲ್ಡಿಂಗ್ ಶಾಪಿಗೆ ಕೊಡುವಂತಿಲ್ಲ. ನಳಿಗೆ ಕತ್ತರಿಸುವುದು 6ನೇ ಸೆಕ್ಷನ್ನಿನ ವ್ಯಾಪ್ತಿಗೆ ಬರುತ್ತದೆ. 2019ರ ತಿದ್ದುಪಡಿಯ ನಂತರ ಸಾಮಾನ್ಯ ಲೈಸೆನ್ಸುದಾರನೊಬ್ಬ ಇಟ್ಟುಕೊಳ್ಳಬಹುದಾದ ಕೋವಿಗಳು ಮೂರರಿಂದ ಎರಡಕ್ಕೆ ಇಳಿದವು, ಲೈಸೆನ್ಸಿನ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿತು. ಕೊಡಗಿನಲ್ಲಿ ಮಾತ್ರ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. ಕೇಂದ್ರ ಸರಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದ ದಿನ ಅಲ್ಲಿ ಕೋವಿಗೆ ತೋಕ್ ಪೂವಿನ ಅಲಂಕಾರ, ತೆಂಗಿನಕಾಯಿಗೆ ಗುರಿ.*

ಕೋವಿ ಈಗ ಚೆಂದ ಕಾಣುತ್ತದೆ. ಆದರೆ ಚೆಂದ ಕಾಣುವ ಕೋವಿಯನ್ನು ನೇರ ಭುಜಕ್ಕೆ ಏರಿಸುವಂತಿಲ್ಲ. ಬೋಲ್ಟ್ ಬಿಗಿಯಾಗಿ ಕೂರುತ್ತದೆಯೇ, ನಳಿಗೆಯಲ್ಲಿ ಉಬ್ಬು ಬಿರುಕು ಇವೆಯೇ, ಟ್ರಿಗರ್ ತನ್ನಷ್ಟಕ್ಕೆ ಜಾರುತ್ತದೆಯೇ ಎಂದು ಲೈಸೆನ್ಸ್ ಇರುವ ರಿಪೇರಿಯವರು ನೋಡಿ ಒಪ್ಪಬೇಕು. ಒಪ್ಪಿದ ಮೇಲೆ ಉಳಿಯುವುದು ಅಸಲಿ ಕೆಲಸ: ಗುರಿ ಕೂರಿಸುವುದು.

ಅದನ್ನು ಎಲ್ಲಿ ಮಾಡುವುದು? ‘ಕಾಪು ಬೀಚಿನಲ್ಲಿ ಎದುರಿಗೆ ಬರೀ ನೀರಲ್ಲವಾ?’ ಎಂದು ಹುಡುಗ ಕೇಳಿದ. ಅದೇ ಅಪಾಯ. ಓರೆಯಾಗಿ ಬಿದ್ದ ಸೀಸದ ಗುಂಡು ನೀರಿನ ಮೇಲೆ ಪುಟಿದು ಮುಂದೆ ಹಾರುತ್ತದೆ. ಈ ಪುಟ್ಟ ಗುಂಡಿನ ಗರಿಷ್ಠ ಓಟ ಒಂದೂವರೆ ಕಿಲೋಮೀಟರ್ ಆಸುಪಾಸು. ಅಷ್ಟರೊಳಗೆ ದೋಣಿಗಳಿವೆ, 1901ರ ದೀಪಸ್ತಂಭ ನೋಡಲು ಬಂದ ಸಂಸಾರಗಳಿವೆ. ಕಾರ್ಕಳದ ಕರಿಬಂಡೆಗಳಂತೂ ಗುಂಡನ್ನು ಎತ್ತ ತಿರುಗಿಸುತ್ತವೆಂದು ಹೇಳಲಾಗದು. ತೋಟದ ಮೂಲೆಯೂ ಬೇಡ. ಮಾನ್ಯತೆಯಿರುವ ಶೂಟಿಂಗ್ ರೇಂಜ್ ಒಂದೇ ಜಾಗ.

ರೇಂಜಿಗೆ ಹೋದ ದಿನ ಮಾಸ್ತರರು ಚೀಲದಿಂದ ತೆಗೆದದ್ದು ಕರ್ಪೂರ. ಪೂಜೆಗಲ್ಲ. ಹಚ್ಚಿದ ಕರ್ಪೂರದ ಹೊಗೆಗೆ ಫೋರ್‌ಸೈಟ್ ಹಿಡಿದರೆ ಲೋಹದ ಮೇಲೆ ಮಸಿ ಕೂತು ಹೊಳಪು ಸಾಯುತ್ತದೆ. ಬಿಸಿಲಲ್ಲಿ ಹೊಳೆಯುವ ಫೋರ್‌ಸೈಟ್ ಕಣ್ಣಿಗೆ ಮೋಸ ಮಾಡುತ್ತದೆ. ಬೆಳಕು ಬಿದ್ದ ಬದಿಯೇ ನಡುವೆಂದು ತೋರಿ ಈಡು ಪಕ್ಕಕ್ಕೆ ಹೋಗುತ್ತದೆ. ಹಳೆಯ ಕಾಲದ ಗುರಿಕಾರರು ದೀಪದ ಹೊಗೆಯನ್ನೂ ಬಳಸುತ್ತಿದ್ದರು. ಕರ್ಪೂರದ್ದು ಇನ್ನೂ ದಟ್ಟ ಮಸಿ.

25 ಮೀಟರ್ ದೂರದಲ್ಲಿ ಕಾಗದದ ಗುರಿ. ಕೋವಿಯ ಮುಂಭಾಗಕ್ಕೆ ಮರಳಿನ ಚೀಲದ ಆಸರೆ. ಐದು ಈಡು. ಮೊದಲ ಈಡಿಗೇ ಸೈಟ್ ತಿರುಗಿಸಲು ಹೊರಡುವುದು ಹೊಸಬರ ಲಕ್ಷಣ. ಎನ್‌ಸಿಸಿಯಲ್ಲಿ ಕಲಿಸುವ ಹಾಗೆ ಮೊದಲು ಗ್ರೂಪಿಂಗ್: ಐದೂ ಒಂದೇ ಕಡೆ ಗುಂಪಾಗಿ ಬೀಳಬೇಕು. ಗುಂಪು ಎಲ್ಲಿ ಬಿತ್ತೆಂಬುದು ಆಮೇಲಿನ ಮಾತು. ಚದುರಿ ಬಿದ್ದರೆ ತಪ್ಪು ಸೈಟಿನದ್ದಲ್ಲ. ಕೈಯದ್ದು, ತೋಟೆಯದ್ದು, ಇಲ್ಲವೇ ನಳಿಗೆಯ ಬಾಯಿಯದ್ದು.

ಮಾಸ್ತರರ ಗುಂಪು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಾಗಿ ಬಿತ್ತು. ಆದರೆ ಬಲಕ್ಕೆ, ಕೆಳಕ್ಕೆ. ಮೊಮ್ಮಗ ವರ್ನಿಯರ್ ತೆಗೆದ. ಈಗ ಅವನ ಸರದಿ.

ಒಂದು ಮಿಲಿಮೀಟರಿಗೆ ಐವತ್ತು!
*ಬ್ಯಾಕ್‌ಸೈಟಿನಿಂದ ಫೋರ್‌ಸೈಟಿಗೆ ಅರ್ಧ ಮೀಟರ್, ಗುರಿಗೆ 25 ಮೀಟರ್ ಎಂದಿಟ್ಟುಕೊಳ್ಳಿ. ಅನುಪಾತ ಒಂದಕ್ಕೆ 50. ಈಡು 50 ಮಿ.ಮೀ. ಬಲಕ್ಕೆ ಬಿದ್ದರೆ ಸೈಟು ಸರಿಯಬೇಕಾದ್ದು ಬರೀ 1 ಮಿ.ಮೀ. ಫೋರ್‌ಸೈಟ್ ಆದರೆ ತಪ್ಪಿದ ಕಡೆಗೇ, ಅಂದರೆ ಬಲಕ್ಕೆ. ಬ್ಯಾಕ್‌ಸೈಟ್ ಆದರೆ ಈಡು ಹೋಗಬೇಕಾದ ಕಡೆಗೆ, ಅಂದರೆ ಎಡಕ್ಕೆ. ಈಡು ಕೆಳಗೆ ಬಿದ್ದರೆ ಬ್ಯಾಕ್‌ಸೈಟ್ ಏರಿಸಬೇಕು, ಇಲ್ಲವೇ ಫೋರ್‌ಸೈಟ್ ತಗ್ಗಿಸಬೇಕು. ಹೈಸ್ಕೂಲಿನ ಸಮರೂಪ ತ್ರಿಭುಜಗಳ ಪಾಠ ಇಷ್ಟೇ.*

ಹಳೆಯ ಕೋವಿಗಳ ಫೋರ್‌ಸೈಟ್ ಅಡ್ಡ ತೋಡಿನಲ್ಲಿ ಬಿಗಿಯಾಗಿ ಕೂತಿರುತ್ತದೆ. ಅದನ್ನು ಸರಿಸಲು ಉಕ್ಕಿನ ಉಳಿ ಬಳಸಿದರೆ ಗಾಯ ಖಂಡಿತ. ಹಿತ್ತಾಳೆಯ ತುಂಡು ಇಟ್ಟು ಪುಟ್ಟ ಸುತ್ತಿಗೆಯಿಂದ ತಟ್ಟಬೇಕು. ತಟ್ಟುವ ಮೊದಲು ಸೈಟಿನ ಮೇಲೂ ತೋಡಿನ ಅಂಚಿನ ಮೇಲೂ ಸೇರಿಸಿ ಪೆನ್ಸಿಲಿನಿಂದ ಒಂದೇ ಗೆರೆ ಎಳೆದುಕೊಂಡರೆ ಎಷ್ಟು ಸರಿಯಿತೆಂದು ಕಾಣುತ್ತದೆ. ಎಷ್ಟೋ ದಶಕದಿಂದ ಅಲುಗದ್ದು ಮೊದಲು ಮಿಸುಕುವುದೇ ಇಲ್ಲ. ಆಮೇಲೆ ಒಮ್ಮೆಲೇ ಜಾರುತ್ತದೆ. ಹಿಂದಿನ ದಿನವೇ ಎಣ್ಣೆ ಬಿಟ್ಟಿರಬೇಕು.

ಕೆಳಕ್ಕೆ ಬೀಳುವ ಈಡಿಗೆ ಅರ ಹಿಡಿದು ಫೋರ್‌ಸೈಟ್ ಉಜ್ಜುವವರಿದ್ದಾರೆ. ಅದು ಕೊನೆಯ ಉಪಾಯವಾಗಿರಲಿ. ಉಜ್ಜಿದ ಉಕ್ಕು ತಿರುಗಿ ಬರುವುದಿಲ್ಲ, ಮೇಲಾಗಿ ತೋಟೆಯ ಕಂಪನಿ ಬದಲಾದರೆ ಈಡು ಬೀಳುವ ಜಾಗವೂ ಬದಲಾಗುತ್ತದೆ. ಮಾಸ್ತರರು ಬ್ಯಾಕ್‌ಸೈಟನ್ನು ಒಂದು ಮೆಟ್ಟಿಲು ಏರಿಸಿದರು. ಕೆಳಕ್ಕೆ ಬೀಳುತ್ತಿದ್ದ ದೋಷ ಅಷ್ಟಕ್ಕೇ ಹೋಯಿತು.

ವಯಸ್ಸಿನ ಕಣ್ಣಿನದ್ದು ಇನ್ನೊಂದು ತೊಡಕು. ಬ್ಯಾಕ್‌ಸೈಟ್, ಫೋರ್‌ಸೈಟ್, ಗುರಿ ಮೂರನ್ನೂ ಒಟ್ಟಿಗೆ ಸ್ಪಷ್ಟವಾಗಿ ನೋಡುವುದು ಯಾವ ಕಣ್ಣಿಗೂ ಆಗದು; ಐವತ್ತು ದಾಟಿದ ಕಣ್ಣಿಗಂತೂ ಕನಸು. ದೃಷ್ಟಿ ಫೋರ್‌ಸೈಟಿನ ಮೇಲಿರಲಿ, ಗುರಿ ಮಸುಕಾದರೂ ಅಡ್ಡಿಯಿಲ್ಲ. ಸೀಳಿನ ಬದಲು ಪುಟ್ಟ ತೂತಿನ ಬ್ಯಾಕ್‌ಸೈಟ್ ಇದ್ದರೆ ಮತ್ತೂ ಒಳ್ಳೆಯದು. ಕಾಗದದಲ್ಲಿ ಸೂಜಿಯಿಂದ ತೂತು ಮಾಡಿ ಅದರ ಮೂಲಕ ಪಂಚಾಂಗ ಓದಿ ನೋಡಿ, ಕನ್ನಡಕವಿಲ್ಲದೆಯೂ ಅಕ್ಷರ ಕಾಣುತ್ತದೆ. ಅದೇ ತಂತ್ರ ಇಲ್ಲೂ.

ಕೊನೆಯ ಐದು ಈಡು ಕಪ್ಪು ವೃತ್ತದ ನಡುವೆ ಬಿದ್ದವು. ಈ ಗುರಿ 25 ಮೀಟರಿಗೆ ಮಾತ್ರ; ದೂರ ಬದಲಾದರೆ ಲೆಕ್ಕವೂ ಬದಲು. 50 ಮೀಟರಿಗೆ ಕೂರಿಸಿದ ಪಾಯಿಂಟ್ ಟೂಟೂನ ಗುಂಡು 100 ಮೀಟರಿಗೆ ಹೋಗುವಾಗ ಸುಮಾರು ಒಂದು ಗೇಣು ಕೆಳಗಿಳಿದಿರುತ್ತದೆ.

ಹಾಗಾದರೆ ಇಷ್ಟೆಲ್ಲ ಪಾಡು ಯಾಕೆ? ಹಂದಿ ಓಡಿಸಲಿಕ್ಕೆ ಇದು ಬಾರದು. ಹಂದಿಗೆ ತಗುಲಿದರೆ ಗಾಯವಾಗಿ ಅದು ನಮ್ಮನ್ನೇ ಓಡಿಸುತ್ತದೆ. ಬೆಳೆ ಕಾಯುವವರಿಗೆಂದು ಕಾಯ್ದೆಯ 13ನೇ ಸೆಕ್ಷನ್ ಹೆಸರಿಸುವುದು ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಯನ್ನು. ಹಿಂದೆ ಈ ಪಾಯಿಂಟ್ ಟೂಟೂಗೆ ಬಲಿಯಾಗುತ್ತಿದ್ದ ಮೊಲ, ಕಾಡುಪಾರಿವಾಳ, ಕೆಂದಳಿಲುಗಳಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಅಂದರೆ ಇದು ಬಂದ ಕೆಲಸ ಇಲ್ಲಿ ಮುಗಿದಿದೆ. ಮುಗಿದದ್ದು ಒಳ್ಳೆಯದೇ ಆಯಿತು.

ಉಳಿದದ್ದು ಕಾಗದದ ಗುರಿ. ಅದೇನು ಸಣ್ಣ ಲೋಕವಲ್ಲ. ಒಲಿಂಪಿಕ್ಸಿನ 50 ಮೀಟರ್ ರೈಫಲ್ ಸ್ಪರ್ಧೆ ನಡೆಯುವುದು ಇದೇ ತೋಟೆಯಲ್ಲಿ. ಅಲ್ಲಿ ಹತ್ತು ಅಂಕದ ವೃತ್ತದ ಅಗಲ ಕೇವಲ 10.4 ಮಿ.ಮೀ. 2024ರ ಆಗಸ್ಟ್ 1ರಂದು ಪ್ಯಾರಿಸಿನಲ್ಲಿ ನಮ್ಮ ನೆರೆಯ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 451.4 ಅಂಕ ಹೊಡೆದು ಕಂಚು ತಂದರು. ಮೂರು ಭಂಗಿಗಳ ಈ ಸ್ಪರ್ಧೆಯಲ್ಲಿ ಅದು ಭಾರತದ ಮೊದಲ ಒಲಿಂಪಿಕ್ ಪದಕ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕೂಟದಲ್ಲಿ ಬೆಳ್ಳಿ ಗೆದ್ದ 50 ಮೀಟರ್ ಪಿಸ್ತೂಲಿನದ್ದೂ ಇದೇ ಗುಂಡು.

ಮನೆಯಲ್ಲಿ ಇಂಥ ಕೋವಿ ಇರುವವರಿಗೆ ನಾಲ್ಕು ಮಾತು. ಚರ್ಮದ, ಕ್ಯಾನ್ವಾಸಿನ ಚೀಲದೊಳಗೆ ಮಳೆಗಾಲ ಕಳೆಯಲು ಬಿಡಬೇಡಿ. ಚೀಲ ನೀರು ಹಿಡಿಯುತ್ತದೆ. ಬೀಗ ಹಾಕಿದ ಕಪಾಟಿನಲ್ಲಿ ಒಂದು ಹಳೆಯ ಮಾದರಿಯ ಬಲ್ಬು ಉರಿಯುತ್ತಿದ್ದರೆ ಗಾಳಿ ಒಣಗಿರುತ್ತದೆ. ಚುನಾವಣೆ ಬಂತೆಂದರೆ ಕೋವಿಯನ್ನು ಠಾಣೆಯಲ್ಲಿ ಇಡಬೇಕೆಂಬ ಆದೇಶ ಬರುತ್ತದೆ. 2024ರ ಲೋಕಸಭಾ ಚುನಾವಣೆಯಲ್ಲಿ ನೀತಿಸಂಹಿತೆ ಮಾರ್ಚ್ 16ರಿಂದ ಜೂನ್ ಮೊದಲ ವಾರದವರೆಗೆ ಇತ್ತು. ಕೋವಿ ತಿರುಗಿ ಬರುವ ಹೊತ್ತಿಗೆ ಮಳೆ ಹಿಡಿದಿತ್ತು. ಕೊಡುವ ಮುನ್ನ ದಪ್ಪಗೆ ಎಣ್ಣೆ ಸವರಿ, ರಸೀದಿ ಪಡೆಯಿರಿ.

ಲೈಸೆನ್ಸು ಇದ್ದವರು ತೀರಿಕೊಂಡರೆ ಕೋವಿ ತನ್ನಷ್ಟಕ್ಕೆ ಮಕ್ಕಳದ್ದಾಗುವುದಿಲ್ಲ. ಬೆಂಗಳೂರಿನಲ್ಲೋ ದುಬೈಯಲ್ಲೋ ಇರುವ ಮಗ ರಜೆಗೆ ಬಂದಾಗ ನೋಡೋಣವೆಂದು ಅಟ್ಟದಲ್ಲಿ ಇಟ್ಟುಕೊಂಡರೆ ಅದು ಲೈಸೆನ್ಸಿಲ್ಲದ ಕೋವಿಯೇ. ತಕ್ಷಣ ಠಾಣೆಯಲ್ಲೋ ಲೈಸೆನ್ಸ್ ಇರುವ ವ್ಯಾಪಾರಿಯಲ್ಲೋ ಠೇವಣಿ ಇಟ್ಟು, ವಾರಸುದಾರರು ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕಬೇಕು. ಹೊಡೆಯುವವರು ಯಾರೂ ಇಲ್ಲವೆಂದಾದರೆ ಮಾರಿಬಿಡುವುದೇ ಸರಿ. ವಿದೇಶಿ ಕೋವಿಗಳ ಆಮದು ಜನಸಾಮಾನ್ಯರಿಗೆ 1980ರ ದಶಕದಲ್ಲೇ ನಿಂತಿರುವುದರಿಂದ ಹಳೆಯ ಒಳ್ಳೆಯ ರೈಫಲ್ಲಿಗೆ ಈಗಲೂ ಗಿರಾಕಿ ಇದ್ದಾರೆ. ಇಟ್ಟುಕೊಳ್ಳುವವರು ಈ ನವಮಿಗೆ ಕೋವಿ ಕೆಳಗಿಳಿಸಿದಾಗ ಲೈಸೆನ್ಸ್ ಪುಸ್ತಕವನ್ನೂ ಕೆಳಗಿಳಿಸಿ, ನವೀಕರಣದ ತಾರೀಕು ನೋಡಿಕೊಳ್ಳಿ.